ಭಾರ ಹೊತ್ತ ಗೋಡೆ ತೆಗೆದು ಬೀಮ್ ಕೂರಿಸಿದ ಬಗೆ

ಎರಡು ಕೋಣೆಗಳ ನಡುವಿನ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ 3 ಮೀಟರ್ ತೆಗೆದು ಹಾಲ್ ದೊಡ್ಡದು ಮಾಡಬೇಕಿತ್ತು. ಮೇಲೆ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಗೋಡೆಯಿಲ್ಲ. ಗೋಡೆ ಭಾರ ಹೊತ್ತಿದೆಯೇ ಎಂದು ದಪ್ಪ ನೋಡಿ ತೀರ್ಮಾನಿಸಬಾರದು, ನಾಲ್ಕೂವರೆ ಇಂಚಿನದ್ದೂ ಹೊತ್ತಿರಬಹುದು. ಸ್ಲ್ಯಾಬಿಗೆ ಗೋಡೆ ತಾಗುವಲ್ಲಿ ಒಂದಡಿ ಗಿಲಾವು ಕೆತ್ತಿದಾಗ ಇಟ್ಟಿಗೆಯ ಮೇಲೇ ಕಾಂಕ್ರೀಟ್ ಸುರಿದ ಗುರುತು ಸಿಕ್ಕಿತು. ಆಮೇಲೆ ಕಟ್ಟಿದ ಗೋಡೆಯಾದರೆ ಅಲ್ಲಿ ಗಾರೆ ತುರುಕಿದ ಸಂದು ಕಾಣುತ್ತದೆ. ಇಂಥ ಗೋಡೆಯ ನೇರಕ್ಕೆ ಸ್ಲ್ಯಾಬಿನ ಮುಖ್ಯ ಕಂಬಿ ಮೇಲ್ಭಾಗದಲ್ಲಿರುತ್ತದೆ. ಗೋಡೆ ಹೋದರೆ ಹರವು (ಆಧಾರದಿಂದ ಆಧಾರಕ್ಕಿರುವ ಅಂತರ) ಎರಡು ಪಟ್ಟಾಗುತ್ತದೆ, ಆ ಹರವಿಗೆ ಬೇಕಾದ ಕಂಬಿ ತಳದಲ್ಲಿ ಇರುವುದೇ ಇಲ್ಲ.

ಎರಡೂ ಬದಿ ಮೂರೂವರೆ ಮೀಟರ್ ಹರವು. ಸ್ಲ್ಯಾಬ್, ನೆಲಹಾಸು, ಬಳಕೆಯ ಭಾರ ಎಲ್ಲ ಸೇರಿ ಗೋಡೆಯ ಮೇಲೆ ಮೀಟರಿಗೆ ಸುಮಾರು 2.8 ಟನ್. ಇಂಜಿನಿಯರ್ ಲೆಕ್ಕದಲ್ಲಿ 200 ಮಿ.ಮೀ. ಆಳದ ಒಂದು ಐ-ಬೀಮ್ (I ಆಕಾರದ ಉಕ್ಕಿನ ತೊಲೆ) ಬಲದ ದೃಷ್ಟಿಯಿಂದ ಹೇಗೋ ಪಾಸಾಗುತ್ತಿತ್ತು, ಆದರೆ ನಡುವೆ 7–8 ಮಿ.ಮೀ. ಬಾಗುತ್ತಿತ್ತು. ಇಲ್ಲಿ ಬೀಮ್ ಮುರಿಯುವ ಭಯಕ್ಕಿಂತ ಬಾಗುವ ಭಯವೇ ದೊಡ್ಡದು. ಹಳೆಯ ಸ್ಲ್ಯಾಬ್ ಅಷ್ಟು ಇಳಿದರೆ ಬಿರುಕು ಬಿಡುತ್ತದೆ. ಅದಕ್ಕೇ ಜೋಡಿ ಬೀಮ್. ಒಂದೊಂದು 3.4 ಮೀಟರ್ ಉದ್ದ, ಸುಮಾರು 85 ಕಿಲೋ ತೂಕ. ನಾಲ್ಕು ಜನ ಎತ್ತಬಹುದು. ಸ್ಲ್ಯಾಬನ್ನು ತಾತ್ಕಾಲಿಕವಾಗಿ ಹೊರುವ ಜಾಕ್ ನಿಲ್ಲಿಸುವ ಮೊದಲೇ ಬೀಮ್‌ಗಳನ್ನು ಕೋಣೆಯೊಳಗೆ ತಂದಿಡಿ, ಆಮೇಲೆ ತಿರುಗಿಸಲು ಜಾಗವಿರುವುದಿಲ್ಲ.

ಗೋಡೆಯಿಂದ 60–70 ಸೆಂ.ಮೀ. ದೂರದಲ್ಲಿ, ಎರಡೂ ಕಡೆ, 90 ಸೆಂ.ಮೀ.ಗೊಂದರಂತೆ ಜಾಕ್, ಮೇಲೆ ಸ್ಟೀಲ್ ಚಾನೆಲ್, ಕೆಳಗೆ ದಪ್ಪ ಹಲಗೆ. ಕೆಳಗೆ ಇನ್ನೊಂದು ಮಹಡಿಯಿದ್ದರೆ ಅಲ್ಲೂ ಅದೇ ನೇರಕ್ಕೆ ಜಾಕ್ ಬೇಕು. ಬಿಗಿಯಾದ ಕೂಡಲೇ ನಿಲ್ಲಿಸಬೇಕು. ಇನ್ನೊಂದು ಸುತ್ತು ತಿರುಗಿಸುವ ಹುಮ್ಮಸ್ಸಿನಲ್ಲಿ ಸ್ಲ್ಯಾಬನ್ನೇ ಎತ್ತಿ ಬಿರುಕು ಬಿಡಿಸುವವರಿದ್ದಾರೆ.

ಮೊದಲು ಬೀಮಿನ ತುದಿಗಳು ಕೂರುವಲ್ಲಿ ಮಾತ್ರ ಇಟ್ಟಿಗೆ ಬಿಡಿಸಿ, 40 ಸೆಂ.ಮೀ. ಉದ್ದ, 15 ಸೆಂ.ಮೀ. ದಪ್ಪ, ಗೋಡೆಯಷ್ಟೇ ಅಗಲದ ಕಾಂಕ್ರೀಟ್ ದಿಮ್ಮಿ ಹಾಕಿ ಏಳು ದಿನ ನೀರುಣಿಸಿದೆವು. ಪ್ರತಿ ತುದಿಗೆ ನಾಲ್ಕೂವರೆ ಟನ್ ಬರುತ್ತದೆ. ನೇರ ಇಟ್ಟಿಗೆಯ ಮೇಲಿಟ್ಟರೆ ಚದರ ಸೆಂ.ಮೀ.ಗೆ 11 ಕಿಲೋ, ದಿಮ್ಮಿಯಿದ್ದರೆ 5. ಎರಡೂ ತುದಿಯಲ್ಲಿ 60 ಸೆಂ.ಮೀ. ಗೋಡೆ ಉಳಿಸಿದ್ದೆವು. ಅಷ್ಟು ಉಳಿಯದಿದ್ದರೆ ತಳಪಾಯದಿಂದಲೇ ಕಂಬ ಎಬ್ಬಿಸಬೇಕಾಗುತ್ತದೆ.

ಮುಂದಿನದು ನಾಜೂಕಿನ ಕೆಲಸ. ಸ್ಲ್ಯಾಬಿನ ಅಡಿಗೆ ಗೋಡೆಯ ಅರ್ಧ ದಪ್ಪವನ್ನು ಮಾತ್ರ, ಸುತ್ತಿಗೆಯಿಂದಲ್ಲ, ಕಟರ್‌ನಿಂದ ಸೀಳಿ ತೆಗೆದು ಮೊದಲ ಬೀಮ್ ಒಳಗಿಟ್ಟೆವು. ಬೀಮಿಗೂ ಸ್ಲ್ಯಾಬಿಗೂ 25 ಮಿ.ಮೀ. ಸಂದಿರಲಿ. ಅದರಲ್ಲಿ 30 ಸೆಂ.ಮೀ.ಗೊಂದು ಜೋಡಿ ಸ್ಟೀಲ್ ಬೆಣೆ ಬಡಿದು, ಉಳಿದದ್ದಕ್ಕೆ ಕುಗ್ಗದ ಗ್ರೌಟನ್ನು (ಸಂದು ತುಂಬುವ ಸಿಮೆಂಟ್ ಮಿಶ್ರಣ) ಮುಷ್ಟಿಯಲ್ಲಿ ಉಂಡೆ ನಿಲ್ಲುವಷ್ಟು ಒಣಗಲಾಗಿ ಕಲಸಿ ಕೋಲಿನಿಂದ ತುರುಕಬೇಕು. ತೆಳ್ಳಗೆ ಕಲಸಿದ ಸಿಮೆಂಟ್ ಇಲ್ಲಿ ಕೆಲಸಕ್ಕೆ ಬಾರದು. ಒಣಗಿ ಕುಗ್ಗಿ ಕೂದಲೆಳೆ ಸಂದು ಬಿಟ್ಟರೆ ಸ್ಲ್ಯಾಬ್ ಅಷ್ಟೂ ಇಳಿದೇ ಇಳಿಯುತ್ತದೆ. ಅದು ಗಟ್ಟಿಯಾದ ಮೇಲೆ ಇನ್ನೊಂದು ಬದಿಯಲ್ಲೂ ಹೀಗೆಯೇ ಮಾಡಿ, ಎರಡೂ ಬೀಮ್‌ಗಳನ್ನು ಬೋಲ್ಟ್ ಹಾಕಿ ಬಿಗಿದೆವು.

ಗೋಡೆ ಕೆಡವುವುದು ಮೇಲಿನಿಂದ ಕೆಳಕ್ಕೆ. ಅದಕ್ಕೂ ಮುಂಚೆ ತೆರಪಿನ ಎರಡೂ ಅಂಚಿಗೆ, ಎರಡೂ ಮುಖದಲ್ಲಿ ಕಟರ್ ಗೆರೆ ಹಾಕಿದರೆ ಉಳಿಯುವ ಇಟ್ಟಿಗೆ ಅಲುಗುವುದಿಲ್ಲ. ಗೋಡೆಯೊಳಗಿನ ವೈರು, ಪೈಪು ಬಂದ್ ಆಗಿರಲಿ.

ಕೊನೆಯ ಗ್ರೌಟ್ ಹಾಕಿ ವಾರ ಕಳೆದ ಮೇಲೆ ಜಾಕ್‌ಗಳನ್ನು ನಡುವಿನಿಂದ ತುದಿಗಳ ಕಡೆಗೆ ಕಾಲು ಕಾಲು ಸುತ್ತು ಸಡಿಲಿಸಿದೆವು. ಒಂದನ್ನೇ ಪೂರ್ತಿ ಬಿಟ್ಟರೆ ಅದರ ಭಾರವೆಲ್ಲ ಪಕ್ಕದ್ದಕ್ಕೆ ಬೀಳುತ್ತದೆ. ಸ್ಲ್ಯಾಬಿನ ಹಳೆಯ ಬಿರುಕುಗಳ ಮೇಲೆ ಮೊದಲೇ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿಟ್ಟಿದ್ದೆವು. ಅದು ಒಡೆದರೆ ಸಡಿಲಿಸುವುದನ್ನು ನಿಲ್ಲಿಸಿ ಬೆಣೆ ನೋಡಬೇಕು.

ಬೀಮಿಗೆ ಜಿಂಕ್ ಪ್ರೈಮರ್ ಎರಡು ಕೋಟ್ ಮೊದಲೇ ಆಗಿರಬೇಕು. ಕೊನೆಗೆ ಮೆಶ್ ಸುತ್ತಿ 25 ಮಿ.ಮೀ. ಗಿಲಾವು. 550 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಕ್ಕಿನ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಮಾಮೂಲಿ ಪೇಂಟ್ ಅದನ್ನು ತಡೆಯುವುದಿಲ್ಲ.