ಬಾಗುಬಳುಕಿನ ಕಾಂಕ್ರೀಟ್: ಮತ್ತೆ ಮತ್ತೆ ಬಳಸಬಲ್ಲ ಅಚ್ಚನ್ನು ಮಾಡುವುದು ಹೇಗೆ?

ಹಸಿ ಕಾಂಕ್ರೀಟಿಗೆ ತನ್ನದೆಂಬ ಆಕಾರವಿಲ್ಲ. ಅಲೆಯಂತೆ ಬಾಗಿದ ಗೋಡೆಯಾಗಲಿ, ಹೂವಿನಂತೆ ಅರಳಿದ ಕಂಬವಾಗಲಿ, ಅದರ ರೂಪವೆಲ್ಲ ಅಚ್ಚಿನಿಂದಲೇ ಬರುತ್ತದೆ. ಜರ್ಮನಿಯ ಡಸೆಲ್‌ಡಾರ್ಫ್‌ನಲ್ಲಿ 1999ರಲ್ಲಿ ಮುಗಿದ, ಫ್ರಾಂಕ್ ಗೆಹ್ರಿ ವಿನ್ಯಾಸದ ನೋಯರ್ ಜೋಲ್‌ಹಾಫ್ ಕಟ್ಟಡಗಳಿಗೆ 355 ಬೇರೆ ಬೇರೆ ಥರ್ಮೋಕೋಲ್ ಅಚ್ಚುಗಳನ್ನು ಗಣಕಚಾಲಿತ ಯಂತ್ರದಲ್ಲಿ ಕೊರೆಯಲಾಗಿತ್ತು. ಸ್ಟುಟ್‌ಗಾರ್ಟ್‌ನ ಹೊಸ ರೈಲು ನಿಲ್ದಾಣದ 28 ಬಟ್ಟಲಾಕಾರದ ಕಂಬಗಳಲ್ಲಿ ಹೆಚ್ಚಿನವು ಒಂದೇ ಮಾದರಿಯವಾದ್ದರಿಂದ ಅಲ್ಲಿ ಅಚ್ಚಿನ ತುಂಡುಗಳು ಹಲವು ಬಾರಿ ಉಪಯೋಗಕ್ಕೆ ಬಂದವು. ಅಚ್ಚಿನ ಆಯಸ್ಸು ನಿರ್ಧಾರವಾಗುವುದು ನಕ್ಷೆಯ ಹಂತದಲ್ಲೇ.

ಆದ್ದರಿಂದ ಮೊದಲು ಮೂರು ಆಯಾಮದ ನಕ್ಷೆಯಲ್ಲಿ ಮೇಲ್ಮೈಯನ್ನು ಪುನರಾವರ್ತನೆಯಾಗುವ ಫಲಕಗಳಾಗಿ ವಿಂಗಡಿಸಿ. ಅಚ್ಚಿನ ಒಳಬದಿಗಳು ಬಾಯಿಯ ಕಡೆಗೆ 3ರಿಂದ 5 ಡಿಗ್ರಿಯಷ್ಟು ಅಗಲವಾಗುತ್ತ ಬರಲಿ. ಎಲ್ಲಿಯಾದರೂ ಒಳಮುಖವಾಗಿ ಕೊಕ್ಕೆಯಂತೆ ತಿರುಗಿದ್ದರೆ ಗಟ್ಟಿಯಾದ ಕಾಂಕ್ರೀಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥ ಕಡೆ ಅಚ್ಚನ್ನು ಬಿಚ್ಚಬಲ್ಲ ಎರಡು ತುಂಡಾಗಿಸಿ.

ನಂತರ ಎಷ್ಟು ಎರಕ ಬೇಕೆಂದು ಲೆಕ್ಕ ಹಾಕಿ ವಸ್ತುವನ್ನು ಆರಿಸಿ. ಕೆಲವೇ ಎರಕಕ್ಕೆ ಗಟ್ಟಿ ಲೇಪನವಿರುವ ಥರ್ಮೋಕೋಲ್ ಸಾಕು. ನ್ಯೂಯಾರ್ಕಿನ ಹಳೆಯ ಡೊಮಿನೊ ಸಕ್ಕರೆ ಕಾರ್ಖಾನೆಯ ಆವರಣದ ಬಹುಮಹಡಿ ಕಟ್ಟಡಕ್ಕೆ ಕಾರ್ಬನ್ ನಾರು ಬೆರೆಸಿದ ಪ್ಲಾಸ್ಟಿಕ್ಕಿನಲ್ಲಿ 3ಡಿ ಯಂತ್ರದಿಂದ ಮುದ್ರಿಸಿದ ಅಚ್ಚುಗಳನ್ನು ಬಳಸಿದ್ದು, ಮರದ ಅಚ್ಚು 15–20 ಎರಕಕ್ಕೆ ಸವೆಯುವಲ್ಲಿ ಇವು ಸುಮಾರು 200 ಎರಕ ತಾಳುತ್ತವೆ ಎಂಬ ಕಾರಣಕ್ಕೆ.

ಅಚ್ಚನ್ನು ಯಂತ್ರದಲ್ಲಿ ಕೊರೆಯುವಾಗ ಮೊದಲು ದಪ್ಪ ಬಿಟ್ (ಕೊರೆಯುವ ಮೊನೆ), ಕೊನೆಗೆ ಗುಂಡುಮೂತಿಯ ಸಣ್ಣ ಬಿಟ್ ಬಳಸಿ. ಕೊರೆದ ಮೇಲ್ಮೈ ಮೇಲೆ ಉಗುರು ಎಳೆದು ನೋಡಿ: ಉಗುರಿಗೆ ತಗಲುವ ಪ್ರತಿ ಗೀರೂ ನಾಳೆ ಕಾಂಕ್ರೀಟಿನಲ್ಲಿ ಎದ್ದು ಕಾಣುತ್ತದೆ. ಗೀರು ಬೇಡವಾದರೆ ಉಜ್ಜಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ಬಳಿದು, ಮತ್ತೆ ಉಜ್ಜಬೇಕು. ಇಲ್ಲಿ ಅವಸರ ಸಲ್ಲದು.

ಆಧಾರದ ಚೌಕಟ್ಟನ್ನು ಹಗುರವಾಗಿ ಎಣಿಸಬೇಡಿ. ಕಾಂಕ್ರೀಟ್ ಘನಮೀಟರಿಗೆ ಸುಮಾರು 2,400 ಕಿಲೋ ತೂಗುತ್ತದೆ. 3 ಮೀಟರ್ ಎತ್ತರವನ್ನು ಒಂದೇ ಸಲ ತುಂಬಿದರೆ ಬುಡದ ಪ್ರತಿ ಚದರ ಮೀಟರಿನ ಮೇಲೆ 7 ಟನ್ ಮೀರಿದ ಒತ್ತಡ ಬೀಳಬಹುದು. ಕೀಲುಗಳಲ್ಲಿ ಕೂದಲೆಳೆಯ ಸಂದು ಉಳಿದರೂ ಸಿಮೆಂಟಿನ ಹಾಲು ಸೋರಿ, ಬರೀ ಜಲ್ಲಿ ಉಳಿದ ತೂತುತೂತಾದ ಅಂಚು ಸಿಗುತ್ತದೆ.

ಕಾಂಕ್ರೀಟ್ ಅಂಟಿಕೊಳ್ಳದಂತೆ ಅಚ್ಚಿನ ಒಳಮೈಗೆ ಬಿಡಿಸುವ ಎಣ್ಣೆಯನ್ನು ತೆಳುವಾಗಿ ಒರೆಸಿ, ಪದರ ಪದರವಾಗಿ ತುಂಬಿ. ಕಾಂಕ್ರೀಟನ್ನು ಅದುರಿಸಿ ಗಾಳಿಗುಳ್ಳೆ ಹೊರಹಾಕುವ ವೈಬ್ರೇಟರಿನ ಸೂಜಿ ಅಚ್ಚಿನ ಮೈಗೆ ತಾಗಕೂಡದು. ಕಾಂಕ್ರೀಟ್ ಸಾಕಷ್ಟು ಬಲ ಪಡೆದ ಮೇಲೆ ಹಾರೆಯಿಂದ ಮೀಟದೆ, ಮೊದಲೇ ಬಿಟ್ಟ ರಂಧ್ರಗಳಿಂದ ಗಾಳಿ ಊದಿ, ಮರದ ಬೆಣೆಗಳಿಂದ ನಿಧಾನವಾಗಿ ಸಡಿಲಿಸಿ. ಸಿಮೆಂಟಿನ ಕಲೆಯನ್ನು ಅಂದೇ ತೊಳೆದು, ಲೇಪನ ಎದ್ದ ಕಡೆ ತೇಪೆ ಹಾಕಿ, ಅಚ್ಚನ್ನು ಅದರ ಚೌಕಟ್ಟಿನ ಮೇಲೆಯೇ ನೆರಳಿನಲ್ಲಿಡಿ. ಗೋಡೆಗೆ ಒರಗಿಸಿಟ್ಟರೆ ಬಾಗಿಹೋಗಿ, ಮುಂದಿನ ಫಲಕ ಪಕ್ಕದ್ದರೊಡನೆ ಕೂಡುವುದಿಲ್ಲ.