ಸ್ಪ್ಯಾನಿಷ್ ಪದ ಬರೆದುಕೊಳ್ಳುವಾಗ ‘ಎಲ್’, ‘ಲಾ’ ಬಿಡಬೇಡಿ

ಹೊಸದಾಗಿ ಸ್ಪ್ಯಾನಿಷ್ ಶುರು ಮಾಡಿದವರಿಗೆ ಒಂದು ಮಾತು. ನಮಗೆ ಮೇಜು, ಪುಸ್ತಕ ಎರಡೂ ‘ಅದು’. ಅಲ್ಲಿ ಮೇಜು ಹೆಣ್ಣು, ‘ಲಾ ಮೇಸಾ’. ಪುಸ್ತಕ ಗಂಡು, ‘ಎಲ್ ಲಿಬ್ರೊ’. ಪದಕ್ಕೆ ಮೊದಲು ಬರೋ ಈ ‘ಎಲ್’, ‘ಲಾ’ ಇಂಗ್ಲಿಷಿನ ‘the’ ಇದ್ದ ಹಾಗೆ, ಗಂಡಿಗೆ ‘ಎಲ್’, ಹೆಣ್ಣಿಗೆ ‘ಲಾ’. ಯಾಕೆ ಅಂತ ಕೇಳಬೇಡಿ, ಹಿಂದಿ ಕಲಿಯುವಾಗ ಪಟ್ಟ ಪಾಡೇ ಇದು.

ಕೊನೆಗೆ ‘ಒ’ ಬಂದರೆ ಗಂಡು, ‘ಆ’ ಬಂದರೆ ಹೆಣ್ಣು ಅನ್ನೋ ಸೂತ್ರ ಬಹುಪಾಲು ನಡೆಯುತ್ತೆ. ಆದರೆ ದಿನಾ ಬಳಸೋ ಪದಗಳಲ್ಲೇ ಕೈಕೊಡುತ್ತೆ. ದಿನ ‘ಎಲ್ ದಿಯಾ’, ಕೈ ‘ಲಾ ಮಾನೊ’. ನಾನಂತೂ ತಿಂಗಳುಗಟ್ಟಲೆ ‘ಲಾ ಪ್ರೊಬ್ಲೇಮಾ’ ಅಂದವನು. ನೋಟ್‌ಬುಕ್ಕಿನಲ್ಲಿ ಬರೀ ‘ಪ್ರೊಬ್ಲೇಮಾ’ ಅಂತ ಬರೆದುಕೊಂಡಿದ್ದೇ ಎಡವಟ್ಟು. ಈಗ ‘ಎಲ್ ಪ್ರೊಬ್ಲೇಮಾ’ ಅಂತ ಒಂದೇ ಪದದ ಹಾಗೆ ಬಾಯಿಪಾಠ.

ನೀರು ಇನ್ನೂ ಕಿಲಾಡಿ. ಹೆಣ್ಣು ಪದವೇ, ಆದರೂ ‘ಎಲ್ ಆಗ್ವಾ’. ಪದದ ಶುರುವಿನ ‘ಆ’ ಒತ್ತಿ ಹೇಳುವಂಥದ್ದಾದ್ದರಿಂದ ಏಕವಚನದಲ್ಲಿ ‘ಲಾ’ ಹೋಗಿ ‘ಎಲ್’ ಬರುತ್ತೆ. ತಣ್ಣೀರು ಮಾತ್ರ ‘ಎಲ್ ಆಗ್ವಾ ಫ್ರೀಯಾ’, ‘ಫ್ರೀಯೊ’ ಅಲ್ಲ. ಬಹುವಚನದಲ್ಲಿ ‘ಲಾಸ್ ಆಗ್ವಾಸ್’, ಹೆಣ್ಣುರೂಪ ವಾಪಸ್!

ಬಹುವಚನ ಸಲೀಸು. ಸಾಮಾನ್ಯವಾಗಿ ಸ್ವರಕ್ಕೆ ‘ಸ್’, ವ್ಯಂಜನಕ್ಕೆ ‘ಎಸ್’: ಲಿಬ್ರೋಸ್ (ಪುಸ್ತಕಗಳು), ಪಾಪೇಲೆಸ್ (ಕಾಗದಗಳು). ಸೋಮವಾರ ಒಂದಿರಲಿ ಹತ್ತಿರಲಿ ‘ಲೂನೆಸ್’ ಅಷ್ಟೇ, ಬದಲಾಗೋದು ಮುಂಚೆ ಬರೋ ‘ಎಲ್’ ಮಾತ್ರ, ಬಹುವಚನದಲ್ಲಿ ಅದು ‘ಲೋಸ್’. ಹಾಂ, ‘ಪಾದ್ರೆ’ ಅಂದರೆ ಅಪ್ಪ. ‘ಪಾದ್ರೆಸ್’ ಅಂದಾಗ ಅಪ್ಪಂದಿರು ಅಂದುಕೊಂಡು ಗಾಬರಿಯಾಗಬೇಡಿ, ಹೆಚ್ಚಾಗಿ ಅದು ಅಪ್ಪ-ಅಮ್ಮ.