ಅಟ್ಟದ ಮೇಲಿನ ಕ್ರಿಕೆಟ್ ಕಾರ್ಡ್ ಯಾರದ್ದು, ಯಾವ ಕಾಲದ್ದು?

ಯುಗಾದಿಗೆ ಮನೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಏನೇನೋ ಕೆಳಗಿಳಿಯುತ್ತದೆ. ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ಹಾಗೆ ಸಿಗುವುದು ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು. ಬಿಗ್ ಫನ್ ಬಬಲ್ ಗಮ್ ಜೊತೆ ಬಂದದ್ದು, ಕುಸ್ತಿಯವರ ಟ್ರಂಪ್ ಕಾರ್ಡ್, ನಡುವೆ ಹೆಸರು ಊರು ಏನೂ ಇಲ್ಲದ ಒಂದಷ್ಟು. ಆ ಕೊನೆಯವನ್ನು ಗುರುತಿಸುವುದೇ ಮಜಾ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಇಲ್ಲದ ಕಾರ್ಡ್ ಬೇರೆ, ನಕಲಿ ಕಾರ್ಡ್ ಬೇರೆ. ಆಟಗಾರರ ಅಥವಾ ಕ್ರಿಕೆಟ್ ಮಂಡಳಿಯ ಒಪ್ಪಿಗೆ ಪಡೆಯದೆ ಯಾರೋ ಅಚ್ಚು ಹಾಕಿಸಿದ್ದು ಮೊದಲನೆಯದು. ಇನ್ನೊಂದು ಕಂಪನಿಯ ಕಾರ್ಡನ್ನು ಹಾಗೇ ಇಳಿಸಿ, ಅದೇ ಇದು ಅಂತ ಮಾರಿದರೆ ಅದು ನಕಲಿ. ಡಬ್ಬಿ ಅಂಗಡಿಯಲ್ಲಿ ನಾವು ಕೊಂಡವು ಹೆಚ್ಚಾಗಿ ಮೊದಲನೇ ಜಾತಿಯವು. ಅವನ್ನು ಕಸಕ್ಕೆ ಹಾಕಬೇಡಿ.

ಈಗ ಕಾರ್ಡನ್ನು ತಿರುಗಿಸಿ. ಮುಖ ನೋಡಿ ಮರುಳಾಗುವವರೇ ಜಾಸ್ತಿ, ಆದರೆ ವಿಷಯ ಇರುವುದು ಬೆನ್ನಲ್ಲಿ. ಕಂಪನಿ ಹೆಸರು, ಕಾಪಿರೈಟ್ ಗುರುತು, ಇಸವಿ, ಕಾರ್ಡಿನ ನಂಬರ್ ಇವೆಯಾ ನೋಡಿ. ಇವ್ಯಾವೂ ಇಲ್ಲದಿದ್ದರೆ ಲೈಸೆನ್ಸ್ ಇಲ್ಲ ಅನ್ನುವ ಅನುಮಾನ ಬಲವಾಗುತ್ತದೆ. ಆಟಗಾರನ ಹೆಸರಿನ ಸ್ಪೆಲಿಂಗ್ ತಪ್ಪಿದ್ದರಂತೂ ಕೇಳಲೇಬೇಡಿ.

ನಂತರ ಕಾಲ. ಇಲ್ಲಿ ಒಂದೇ ನಿಯಮ: ಇರುವುದನ್ನು ನಂಬಿ, ಇಲ್ಲದ್ದನ್ನು ನಂಬಬೇಡಿ. ಅನಿಲ್ ಕುಂಬ್ಳೆ ಕಾರ್ಡಿನಲ್ಲಿ ಅತ್ಯುತ್ತಮ ಬೌಲಿಂಗ್ 10/74 ಅಂತಿದ್ದರೆ ಅದು 1999ರ ಫೆಬ್ರವರಿಯ ದೆಹಲಿ ಟೆಸ್ಟ್ ಆದಮೇಲಿನದು, ಅನುಮಾನವೇ ಇಲ್ಲ. ಇಲ್ಲದಿದ್ದರೆ? ಅದಕ್ಕಿಂತ ಹಿಂದಿನದು ಅಂತ ಹೇಳಲಾಗದು. ಅಚ್ಚು ಹಾಕಿದವರು ಹಳೇ ಕಾರ್ಡಿನ ಅಂಕಿಗಳನ್ನೇ ಇಳಿಸಿರಬಹುದು. ಕಪಿಲ್ ದೇವ್‌ಗೆ 434 ಟೆಸ್ಟ್ ವಿಕೆಟ್ ಕೊಟ್ಟಿದ್ದರೆ 1994ಕ್ಕಿಂತ ಹಿಂದೆ ಹೋಗುವ ಹಾಗಿಲ್ಲ. ಬೆಲೆಯ ಮುಂದೆ ₹ ಗುರುತಿದ್ದರೆ 2010ರ ಈಚಿನದು. ಕುಸ್ತಿ ಕಾರ್ಡಿನಲ್ಲಿ ಡಬ್ಲ್ಯುಡಬ್ಲ್ಯುಇ ಅಂತಿದ್ದರೆ 2002ರ ಈಚೆಗೆ, ಆ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಎಫ್ ಅನ್ನುವ ಹಳೇ ಹೆಸರು ಬಿಟ್ಟದ್ದು ಆಗಲೇ. ಡಬ್ಲ್ಯುಡಬ್ಲ್ಯುಎಫ್ ಅಂತಿದ್ದ ಮಾತ್ರಕ್ಕೆ ಹಳೆಯದು ಅಂದುಕೊಳ್ಳಬೇಡಿ, ಲೈಸೆನ್ಸ್ ಇಲ್ಲದೆ ಅಚ್ಚು ಹಾಕುವವರು ಹಳೇ ಹೆಸರನ್ನೇ ಆಮೇಲೂ ಬಳಸಿರಬಹುದು.

ಅಂಗಿಯ ಎದೆಭಾಗ ನೋಡಿ. ಭಾರತದ ಅಂಗಿ ಮೇಲೆ ಆಗಿನ ಪ್ರಾಯೋಜಕ ಕಂಪನಿ ಸಹಾರಾದ ಹೆಸರಿದ್ದರೆ ಫೋಟೋ 2001ರಿಂದ 2013ರ ನಡುವಿನದು. ಕೆಲವು ಕಾರ್ಡುಗಳಲ್ಲಿ ಅಲ್ಲಿ ಏನೂ ಇರುವುದಿಲ್ಲ. ಹತ್ತಿರ ಹಿಡಿದರೆ ನೀಲಿ ಬಟ್ಟೆ ಮೇಲೆ ಸ್ವಲ್ಪ ಬೇರೆ ನೀಲಿಯ ತೇಪೆ ಕಾಣುತ್ತದೆ, ಅಂಗಿಯ ನೆರಿಗೆ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಲೋಗೋ ಅಳಿಸಿದ ಕೈಚಳಕ ಅದು. ಲೋಗೋ ಬಳಸುವ ಹಕ್ಕಿಲ್ಲ ಅಂತ ಅಚ್ಚು ಹಾಕಿದವರಿಗೂ ಗೊತ್ತಿತ್ತು, ಅಲ್ವಾ?

ಇನ್ನು ಭೂತಗನ್ನಡಿ. ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು ಸಾಕು. ಆಫ್‌ಸೆಟ್ ಅಚ್ಚಿನ ಫೋಟೋ ಚುಕ್ಕೆಗಳಾಗಿ ಒಡೆಯುತ್ತದೆ: ನೀಲಿ, ಗುಲಾಬಿ, ಹಳದಿ, ಕಪ್ಪು. ಅದು ಸಹಜ. ನೋಡಬೇಕಾದ್ದು ಕಪ್ಪು ಅಕ್ಷರಗಳನ್ನು. ಮೂಲ ಕಾರ್ಡಿನಲ್ಲಿ ಅಕ್ಷರ ಸಾಮಾನ್ಯವಾಗಿ ಗಟ್ಟಿಯಾಗಿ, ಅಂಚು ಚೂಪಾಗಿ ಇರುತ್ತದೆ. ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದಿದ್ದರೆ ಇಡೀ ಕಾರ್ಡನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿರುವ ಸಾಧ್ಯತೆ ಜಾಸ್ತಿ. ಚುಕ್ಕೆಗೆ ಸಾಲೇ ಇಲ್ಲದೆ ಚಿಮುಕಿಸಿದಂತಿದ್ದರೆ ಅದು ಇಂಕ್‌ಜೆಟ್ ಪ್ರಿಂಟರ್.

ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ತೀರಾ ಹಳೇ ಸಿಗರೇಟ್ ಕಾರ್ಡ್ ಅಂತ ಯಾರಾದರೂ ತೋರಿಸಿದರೆ ಇನ್ನೊಂದು ಪರೀಕ್ಷೆ ಇದೆ. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ 50 ಕ್ರಿಕೆಟಿಗರ ಕಾರ್ಡ್ ತಂದಿತ್ತು. ಆ ಕಾಲದ ಕಾಗದದಲ್ಲಿ ಇಂದಿನ ಬಿಳುಪಿನ ರಾಸಾಯನಿಕ ಇರಲಿಲ್ಲ. ಬ್ರೂಸ್‌ಪೇಟೆಯಲ್ಲಿ ಪರಿಚಯದ ಅಂಗಡಿ ಇದ್ದರೆ ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಇಡಿ. ಕಾಗದ ನೀಲಿಯಾಗಿ ಹೊಳೆದರೆ ಅದು 1896ರದ್ದಲ್ಲ.

ಕಾರ್ಡಿನ ಮೇಲೆ ಏನೂ ಬರೆಯಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ರಬ್ಬರ್ ಬ್ಯಾಂಡ್ ಬಿಚ್ಚಿ. ನಮ್ಮ ಬಿಸಿಲಿಗೆ ಅದು ಕರಗಿ ಅಂಚಿಗೆ ಅಂಟಿಕೊಳ್ಳುತ್ತದೆ. ಒಂದೊಂದನ್ನೂ ಬೇರೆ ಕವರಿಗೆ ಹಾಕಿ, ಒಳಗೊಂದು ಚೀಟಿ ಇಡಿ: ಯಾರ ಕಾರ್ಡ್, ಯಾವ ಇಸವಿಯ ಈಚಿನದು, ಯಾವ ಗುರುತಿನಿಂದ ಗೊತ್ತಾಯಿತು. ಮಾರುವುದಾದರೆ ಎರಡೂ ಬದಿಯ ಫೋಟೋ ಹಾಕಿ, ‘ಲೈಸೆನ್ಸ್ ಇಲ್ಲದ್ದು’ ಅಂತ ನೇರವಾಗಿ ಬರೆಯಿರಿ. ಅಂಥದ್ದನ್ನೇ ಹುಡುಕುವವರೂ ಇದ್ದಾರೆ.